ಕುಣಿತವೋ, ನೃತ್ಯವೋ, ಆಟವೋ? ಗಡಿನಾಡಿನಲ್ಲಿ ಬರೆಯುವವರಿಗೆ

ಕಾಸರಗೋಡಿನಲ್ಲಿ ಶಾಲಾ ವಾರ್ಷಿಕೋತ್ಸವದ ಆಮಂತ್ರಣವನ್ನೋ ಜಾತ್ರೆಯ ವರದಿಯನ್ನೋ ಕನ್ನಡದಲ್ಲಿ ಬರೆಯಲು ಕುಳಿತವರ ಕೈಗೆ ಕಾರ್ಯಕ್ರಮದ ಪಟ್ಟಿ ಬರುವುದು ಮಲಯಾಳದಲ್ಲಿ. ಅದರ ಬಗ್ಗೆ ಮಾತುಕತೆ ನಡೆಯುವುದು ತುಳುವಿನಲ್ಲಿ, ಇಲ್ಲವೇ ಹವ್ಯಕ, ಮರಾಠಿ, ಕೊಂಕಣಿ ಮನೆಮಾತಿನಲ್ಲಿ. ಅಚ್ಚಾಗಬೇಕಾದದ್ದು ಮಾತ್ರ ಕನ್ನಡದಲ್ಲಿ. ಉಳಿದ ವಿಷಯಗಳಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಕುಣಿತದ ಪದಗಳಲ್ಲಿ ಮಾತ್ರ ಎಡವುವುದು ಖಂಡಿತ, ಏಕೆಂದರೆ ಇಲ್ಲಿನ ಎಲ್ಲ ಭಾಷೆಗಳಲ್ಲೂ ಆ ಪದಗಳು ಅಣ್ಣತಮ್ಮಂದಿರ ಹಾಗೆ. ಮುಖ ಒಂದೇ, ಸ್ವಭಾವ ಬೇರೆ. ಯಾವ ಪದ ಎಲ್ಲಿಗೆ ಹೊಂದುತ್ತದೆ, ಎಲ್ಲಿ ಏಕೆ ತಪ್ಪುತ್ತದೆ ಎಂಬುದನ್ನು ಬರೆಯುವವರಿಗೆ ಬೇಕಾದ ಕ್ರಮದಲ್ಲೇ ಇಲ್ಲಿ ಇಟ್ಟಿದೆ.

ಮೊದಲ ಹೆಜ್ಜೆ: ಪದ ಹುಡುಕುವ ಮೊದಲು ಕುಣಿತವನ್ನು ನೋಡಿ

ಮೂರು ಪ್ರಶ್ನೆ ಸಾಕು. ಕಾಲು ಬರೇ ತಾಳಕ್ಕೆ ದುಡಿಯುತ್ತಿದೆಯೇ, ಅಥವಾ ಕೈ, ಕಣ್ಣು, ಮುಖ ಏನನ್ನಾದರೂ ಹೇಳುತ್ತಿವೆಯೇ? ಕತೆ, ಪಾತ್ರ, ಮಾತು ಇವೆಯೇ? ಇದು ನಡೆಯುತ್ತಿರುವುದು ಯಾರಿಗಾಗಿ: ನೋಡುವವರಿಗೋ, ದೈವಕ್ಕೋ, ಕುಣಿಯುವವರ ಖುಷಿಗೋ?

ಮೊದಲ ಎರಡು ಪ್ರಶ್ನೆಗಳ ಉತ್ತರಕ್ಕೆ ಸಂಸ್ಕೃತದ ಲಾಕ್ಷಣಿಕರು ಎಂದೋ ಹೆಸರಿಟ್ಟಿದ್ದಾರೆ. ಹತ್ತನೆಯ ಶತಮಾನದ ಧನಂಜಯನ ‘ದಶರೂಪಕ’ದ ಪ್ರಕಾರ ತಾಳ ಮತ್ತು ಲಯವನ್ನು ಆಶ್ರಯಿಸಿದ್ದು ನೃತ್ತ, ಭಾವವನ್ನು ಆಶ್ರಯಿಸಿದ್ದು ನೃತ್ಯ, ಪಾತ್ರದ ಅವಸ್ಥೆಯ ಅನುಕರಣೆ ನಾಟ್ಯ. ಭರತನಾಟ್ಯದ ಕಾರ್ಯಕ್ರಮಕ್ಕೆ ಇದನ್ನು ಹೊಂದಿಸಿ ನೋಡಿದರೆ ಬೇಗ ಅರ್ಥವಾಗುತ್ತದೆ. ಅಲರಿಪು, ಜತಿಸ್ವರ ಇವೆಲ್ಲ ನೃತ್ತ. ಅಲ್ಲಿ ಹೇಳಬೇಕಾದ ಕತೆ ಏನೂ ಇಲ್ಲ, ಅಂಗಗಳ ಅಚ್ಚುಕಟ್ಟೇ ಮುಖ್ಯ. ಪದ, ಜಾವಳಿ ಎಂಬ ಹಾಡುಗಳಲ್ಲಿ ಭಾವ ಮುಂದೆ ಬರುತ್ತದೆ. ವರ್ಣದಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ಹಾಗಾಗಿ ಹುಡುಗಿ ಅಲರಿಪು ಮಾಡಿದ್ದನ್ನು ವರದಿ ಮಾಡುತ್ತ ‘ಭಾವಪೂರ್ಣ ಅಭಿನಯದಿಂದ ಮನಸೆಳೆದಳು’ ಎಂದು ಬರೆದರೆ, ವಿಷಯ ತಿಳಿದವರು ಪತ್ರಿಕೆ ಮಡಚಿ ಆಚೆ ಇಡುತ್ತಾರೆ.

ಇದೇ ಗೆರೆ ನಮ್ಮ ಕಡೆಯ ತೆಂಕುತಿಟ್ಟು ಶೈಲಿಯ ಯಕ್ಷಗಾನದಲ್ಲೂ ಕಾಣುತ್ತದೆ. ತೆರೆ ಹಿಡಿದು ಕುಣಿಯುವುದು, ಪಾತ್ರಗಳ ವೈಭವದ ಪ್ರವೇಶವಾದ ಒಡ್ಡೋಲಗ, ಪೂರ್ವರಂಗದ ಬಾಲಗೋಪಾಲರ ಕುಣಿತ, ಇವುಗಳಲ್ಲಿ ಕತೆ ಮುಂದೆ ಹೋಗುವುದಿಲ್ಲ. ಹಾಡುವ ಭಾಗವತರು ಪದ ಎತ್ತಿಕೊಂಡ ಮೇಲೆ ವೇಷಧಾರಿ ಅದರ ಅರ್ಥವನ್ನು ಕೈಯಲ್ಲಿ, ಕಣ್ಣಿನಲ್ಲಿ ತೋರಿಸಿದರೆ ಶಾಸ್ತ್ರದ ಲೆಕ್ಕದಲ್ಲಿ ಅದು ನೃತ್ಯ. ಪದ ಮುಗಿದು ಮಾತಿಗೆ ನಿಂತಾಗ ಅದು ಅರ್ಥಗಾರಿಕೆ. ಇಷ್ಟೂ ಸೇರಿದ್ದು ಶಾಸ್ತ್ರ ಹೇಳುವ ನಾಟ್ಯ.

ಆದರೆ ಇಲ್ಲೇ ಒಂದು ತೊಡಕಿದೆ. ಯಕ್ಷಗಾನದವರ ಮಾತಿನಲ್ಲಿ ‘ನಾಟ್ಯ’ ಎಂದರೆ ಕುಣಿತ ಮಾತ್ರ. ‘ಅವರಿಗೆ ನಾಟ್ಯ ಚೆನ್ನಾಗಿ ಉಂಟು, ಮಾತು ಸ್ವಲ್ಪ ಕಮ್ಮಿ’ ಎಂದರೆ ಹೆಜ್ಜೆ ಗಟ್ಟಿ, ಅರ್ಥಗಾರಿಕೆ ಸಾಲದು ಎಂದರ್ಥ. ಮಕ್ಕಳು ‘ನಾಟ್ಯ ಕಲಿಯುವುದು’ ಎಂದರೂ ಹೆಜ್ಜೆ ಕಲಿಯುವುದೇ. ಶಾಸ್ತ್ರದ ಅರ್ಥ ಹಿಡಿದು ಇದನ್ನು ತಿದ್ದಲು ಹೋಗಬೇಡಿ. ಯಕ್ಷಗಾನದ ಬಗ್ಗೆ ಬರೆಯುವಾಗ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಮಾತೇ ಪ್ರಮಾಣ, ನೃತ್ಯಶಾಸ್ತ್ರದ ಬಗ್ಗೆ ಬರೆಯುವಾಗ ಶಾಸ್ತ್ರದ ಮಾತು ಪ್ರಮಾಣ. ಒಂದೇ ಲೇಖನದಲ್ಲಿ ಎರಡೂ ಬಂದರೆ, ಮೊದಲ ಸಲ ಬಂದಲ್ಲೇ ಯಾವ ಅರ್ಥದಲ್ಲಿ ಎಂದು ಅರ್ಧ ಸಾಲಿನಲ್ಲಿ ಹೇಳಿಬಿಡಿ.

ಎರಡನೆಯದು: ‘ಕುಣಿತ’ಕ್ಕೆ ನಾಚಬೇಡಿ

‘ಕುಣಿ’ ಅಚ್ಚಗನ್ನಡದ ಕ್ರಿಯಾಪದ. ಹವ್ಯಕರ ಮನೆಮಾತಿನಲ್ಲಿ ಅದೇ ‘ಕೊಣಿವದು’. ಅಚ್ಚಿನ ಕನ್ನಡಕ್ಕೆ ಬಂದಾಗ ಮಾತ್ರ ಬರೆಯುವವರಿಗೆ ಇದು ಅಷ್ಟು ಗೌರವದ್ದಲ್ಲ ಎಂಬ ಗುಮಾನಿ. ಡೊಳ್ಳು ಕುಣಿತವನ್ನು ‘ಡೊಳ್ಳು ನೃತ್ಯ’ ಎಂದೂ ಸುಗ್ಗಿ ಕುಣಿತವನ್ನು ‘ಸುಗ್ಗಿ ನೃತ್ಯ’ ಎಂದೂ ಮೇಲಕ್ಕೆತ್ತಲು ನೋಡುತ್ತಾರೆ. ಬೇಕಾಗಿಲ್ಲ. ಡೊಳ್ಳು ಕುಣಿತ, ಪಟದ ಕುಣಿತ, ಪೂಜಾ ಕುಣಿತ, ಸೋಮನ ಕುಣಿತ, ಗೊರವರ ಕುಣಿತ: ಇವೆಲ್ಲ ಹೆಸರೇ ಆಗಿ ನಿಂತಿವೆ. ಹೆಸರನ್ನು ಬದಲಿಸುವ ಅಧಿಕಾರ ವರದಿಗಾರನಿಗಿಲ್ಲ.

ಗುಮಾನಿಗೆ ಕಾರಣವಿದೆ, ನಿಜ. ‘ಕುಣಿ’ಯ ಸುತ್ತ ಬೆಳೆದ ನುಡಿಗಟ್ಟುಗಳಲ್ಲಿ ಹಲವು ಹೀನಾಯದವು. ‘ಯಾರದೋ ತಾಳಕ್ಕೆ ಕುಣಿಯುವುದು’ ಎಂದರೆ ಸ್ವಂತ ಬುದ್ಧಿ ಇಲ್ಲದಿರುವುದು. ‘ಅವಳು ಅವನನ್ನು ಕುಣಿಸುತ್ತಾಳೆ’ ಎಂದರೆ ಅವನು ಅವಳ ಅಂಗೈಯಲ್ಲಿದ್ದಾನೆ ಎಂದರ್ಥ. ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಗಾದೆಯಂತೂ ಎಲ್ಲರಿಗೂ ಗೊತ್ತು. ‘ಕುಣಿಯುವವಳು’ ಎಂಬ ಒಂಟಿ ಪದ ಹೆಂಗಸಿಗೆ ಅಂಟಿದರೆ ಬೈಗುಳದ ಹತ್ತಿರ ಹೋಗುತ್ತದೆ. ಆದರೆ ಇದೇ ‘ಕುಣಿಸು’ ರಂಗಸ್ಥಳದಲ್ಲಿ ದೊಡ್ಡ ಪ್ರಶಂಸೆ. ‘ಭಾಗವತರು ಇವತ್ತು ಪುಂಡುವೇಷವನ್ನು ಕುಣಿಸಿದ್ದೇ ಕುಣಿಸಿದ್ದು’ ಎಂದರೆ ಭಾಗವತರಿಗೂ ಕೀರ್ತಿ, ಎಳೆಯ ವೀರನ ಆ ವೇಷಕ್ಕೂ ಕೀರ್ತಿ. ಯಕ್ಷಗಾನ ಬೊಂಬೆಯಾಟದಲ್ಲೂ ಹಾಗೆಯೇ, ಬೊಂಬೆ ಕುಣಿಸುವುದು ಒಂದು ವಿದ್ಯೆ. ಅಂದರೆ ಹೀನಾಯ ಪದದಲ್ಲಿಲ್ಲ, ಕುಣಿಸುವವನು ಯಾರು, ಎಲ್ಲಿ ಕುಣಿಸುತ್ತಾನೆ ಎಂಬುದರಲ್ಲಿದೆ.

‘ಕುಣಿದು ಕುಪ್ಪಳಿಸು’ ಎಂಬುದರಲ್ಲಿ ತಾಳ ಇಲ್ಲ, ಖುಷಿ ಮಾತ್ರ ಇದೆ. ತಂಡ ಗೆದ್ದಾಗ ಹುಡುಗರು ಮಾಡುವುದು ಅದು. ತಾಳವಿರುವ ಕುಣಿತದ ವರದಿಯಲ್ಲಿ ಅದನ್ನು ತಂದರೆ ಕುಣಿದವರಿಗೆ ಅವಮಾನ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರೂ ಓದುವ ಬರಹವಾದರೆ ಇನ್ನೊಂದು ಗಮನಿಸಿ: ಉತ್ತರದ ಆಡುಮಾತಿನಲ್ಲಿ ‘ಕುಣಿ’ ಎಂದರೆ ನೆಲದಲ್ಲಿ ತೋಡುವ ಗುಂಡಿಯೂ ಹೌದು. ಒಂಟಿಯಾಗಿ ‘ಕುಣಿ’ ಎಂದು ಶೀರ್ಷಿಕೆ ಕೊಡುವ ಮುನ್ನ ಯೋಚಿಸಿ. ‘ಬಯಲಾಟ’ ಎಂದಾಗಲೂ ಅಲ್ಲಿನವರ ಕಣ್ಣ ಮುಂದೆ ಬರುವುದು ದೊಡ್ಡಾಟ, ಸಣ್ಣಾಟ, ನಮ್ಮ ತೆಂಕುತಿಟ್ಟಲ್ಲ.

ಮೂರನೆಯದು: ‘ಆಟ’ ಎಂದಾಗ ಯಾರು ಓದುತ್ತಾರೆ ನೋಡಿ

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತ ‘ಇವತ್ತು ಆಟ ಉಂಟು’ ಎಂದರೆ ಬೇರೆ ವಿವರಣೆ ಬೇಡ. ಯಕ್ಷಗಾನ. ‘ಆಟ ಆಡಿಸುವುದು’ ಎಂದರೆ ಹರಕೆ ಹೊತ್ತವರು ಮೇಳಕ್ಕೆ ವೀಳ್ಯ ಕೊಟ್ಟು ಪ್ರದರ್ಶನ ಮಾಡಿಸುವುದು. ಇದೇ ವಾಕ್ಯ ಬೆಂಗಳೂರಿನ ಓದುಗನ ಕೈಗೆ ಹೋದರೆ ಮಕ್ಕಳನ್ನು ಆಟ ಆಡಿಸಿದ ಹಾಗೆ ಕೇಳುತ್ತದೆ. ಆದ್ದರಿಂದ ಹೊರಗಿನವರೂ ಓದುವ ಬರಹದಲ್ಲಿ ಮೊದಲ ಸಲ ‘ಯಕ್ಷಗಾನ ಬಯಲಾಟ’ ಎಂದು ಬರೆಯಿರಿ, ನಂತರ ಧೈರ್ಯವಾಗಿ ‘ಆಟ’ ಎನ್ನಿ.

‘ಯಕ್ಷಗಾನ ನೃತ್ಯ’ ಎಂಬ ಜೋಡಿ ಆಮಂತ್ರಣಗಳಲ್ಲಿ ಹೆಚ್ಚುತ್ತಿದೆ. ಮಕ್ಕಳು ಐದು ನಿಮಿಷ ವೇಷ ಹಾಕಿ ಕುಣಿದು ಇಳಿಯುವುದಾದರೆ ‘ಯಕ್ಷಗಾನ ಕುಣಿತ’ ಅಥವಾ ‘ಯಕ್ಷಗಾನದ ಹೆಜ್ಜೆ’ ಎಂದರೆ ಸಾಕು. ಹಾಡು, ಕುಣಿತ, ವೇಷ, ಮಾತು ನಾಲ್ಕೂ ಇದ್ದರೆ ಬರೇ ‘ಯಕ್ಷಗಾನ’. ಇನ್ನು ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಅರ್ಥಧಾರಿಗಳು ಕುಳಿತೇ ಮಾತಾಡುತ್ತಾರೆ. ಹಳೆಯ ವರದಿಯ ಸಾಲುಗಳನ್ನು ನಕಲು ಮಾಡಿ ‘ನಾಟ್ಯದಿಂದ ರಂಜಿಸಿದರು’ ಎಂದು ಅಲ್ಲಿಗೂ ಅಂಟಿಸುವವರು ಇದ್ದಾರೆ!

ರಂಗಸ್ಥಳದ ಒಳಗಿನ ಪದಗಳಿಗೂ ಗಡಿ ಇದೆ. ಗಾಳಿಯಲ್ಲಿ ಹಾರಿ ಸುತ್ತುವ, ಒಂದಾದ ಮೇಲೊಂದು ಬರುವ ಸುತ್ತುಗಳಿಗೆ ‘ಧೀಂಗಿಣ’ ಎನ್ನುತ್ತಾರೆ. ‘ದಿಗಿಣ’ ಎಂದು ಬರೆಯುವವರೂ ಇದ್ದಾರೆ. ಒಂದು ಬರಹದಲ್ಲಿ ಒಂದೇ ರೂಪ ಇಟ್ಟುಕೊಳ್ಳಿ. ಧೀಂಗಿಣಕ್ಕೆ ಹೊಂದುವ ಕ್ರಿಯಾಪದ ‘ಹೊಡೆ’. ‘ಧೀಂಗಿಣ ಮಾಡಿದರು’ ಎಂದರೆ ಆಟ ನೋಡದವರು ಬರೆದದ್ದು ಎಂದು ಗೊತ್ತಾಗುತ್ತದೆ. ಧೀಂಗಿಣ ಎಲ್ಲ ವೇಷಕ್ಕೂ ಹೇಳುವ ಪದವಲ್ಲ. ಅಭಿಮನ್ಯು, ಬಭ್ರುವಾಹನನಂಥ ಪುಂಡುವೇಷಗಳಿಗೆ ಒಪ್ಪುತ್ತದೆ. ರಾಕ್ಷಸರ ಬಣ್ಣದ ವೇಷಕ್ಕೆ ಅದರದ್ದೇ ಆದ ಗತ್ತು, ಅಟ್ಟಹಾಸ, ಅಬ್ಬರ.

ನಾಲ್ಕನೆಯದು: ದೈವದ ಮುಂದೆ ಪದ ತಗ್ಗಿಸಿ ಇಡಿ

ಮೂರನೆಯ ಪ್ರಶ್ನೆ, ‘ಯಾರಿಗಾಗಿ’ ಎಂಬುದು, ಮುಖ್ಯವಾಗುವುದು ಇಲ್ಲಿ. ಕೋಲ, ನೇಮ, ಒತ್ತೆಕೋಲ, ಕಳಿಯಾಟ ಎಂಬ ದೈವಾರಾಧನೆಗಳಲ್ಲಿ ಕುಣಿತ ಇದೆ, ಆದರೆ ಅವು ಕುಣಿತದ ಕಾರ್ಯಕ್ರಮಗಳಲ್ಲ. ‘ನೇಮ’ ಬಂದದ್ದು ‘ನಿಯಮ’ದಿಂದ. ಮಲಯಾಳದ ‘ಕೋಲಂ’ ಎಂದರೆ ರೂಪ, ವೇಷ. ‘ಕೋಲ’ದ ಅರ್ಥವೂ ಅದರ ಹತ್ತಿರದ್ದು. ಹಾಗಾಗಿ ಕೋಲಕ್ಕೂ ಕೋಲಾಟದ ಕೋಲಿಗೂ ಸಂಬಂಧ ಕಟ್ಟಬೇಡಿ. ಮಲಯಾಳದ ಕಡೆಯ ದೈವಾರಾಧನೆಯಾದ ‘ತೆಯ್ಯಂ’ನ ಹೆಸರು ‘ದೈವ’ ಪದದಿಂದ ಬಂದದ್ದು. ಕಳಿಯಾಟ ಒಂದನ್ನು ಬಿಟ್ಟರೆ ಈ ಹೆಸರುಗಳಲ್ಲಿ ಯಾವುದೂ ಕುಣಿತವನ್ನು ಸೂಚಿಸುವುದಿಲ್ಲ ಎಂಬುದನ್ನು ಗಮನಿಸಿ. ಕಟ್ಟುವವರ ಕ್ರಿಯಾಪದವೂ ‘ಕಟ್ಟು’: ಭೂತ ಕಟ್ಟುವುದು, ತೆಯ್ಯಂ ಕಟ್ಟುವುದು.

ಆದ್ದರಿಂದ ‘ತೆಯ್ಯಂ ನೃತ್ಯ ಪ್ರದರ್ಶನ ನಡೆಯಿತು’, ‘ಕಲಾವಿದರು ಪ್ರೇಕ್ಷಕರನ್ನು ರಂಜಿಸಿದರು’ ಎಂಬ ವಾಕ್ಯಗಳು ವ್ಯಾಕರಣದಲ್ಲಿ ಸರಿ ಇದ್ದರೂ ಊರಿನಲ್ಲಿ ತಪ್ಪು. ‘ನೇಮೋತ್ಸವ ಜರಗಿತು’, ‘ಕೋಲ ಆಯಿತು’, ‘ನೇಮ ಕೊಟ್ಟರು’, ‘ವಿಷ್ಣುಮೂರ್ತಿಯ ಒತ್ತೆಕೋಲ, ಮೇಲೇರಿಗೆ ಅಗ್ನಿಸ್ಪರ್ಶ’ ಎಂದು ಬರೆಯಿರಿ. ಮೇಲೇರಿ ಎಂದರೆ ಒಟ್ಟಿದ ಕಟ್ಟಿಗೆಯ ರಾಶಿ. ನೋಡಲು ಬಂದವರು ಭಕ್ತರು. ಕಟ್ಟಿದವರನ್ನು ಬರಹದಲ್ಲಿ ‘ದೈವನರ್ತಕರು’ ಎನ್ನುವುದು ಈಗ ರೂಢಿಯಾಗಿದೆ, ಅದು ಸರಿ. ‘ನರ್ತನ ಸೇವೆ’ಯೂ ಸರಿ, ‘ಸೇವೆ’ ಎಂಬುದು ಅದಕ್ಕೆ ಬೇಕಾದ ಘನತೆ ಕೊಡುತ್ತದೆ. ಅದೇ ತೆಯ್ಯದ ವೇಷ ಸರಕಾರಿ ಮೆರವಣಿಗೆಯಲ್ಲಿ ಸ್ತಬ್ಧಚಿತ್ರದ ಜೊತೆ ಬಂದರೆ ಆಗ ‘ತೆಯ್ಯಂ ವೇಷ’ ಎನ್ನಿ, ‘ತೆಯ್ಯಂ’ ಎನ್ನಬೇಡಿ.

ಮೈಮೇಲೆ ಬರುವುದಕ್ಕೆ ನಮ್ಮಲ್ಲಿ ‘ದರ್ಶನ’, ‘ಆವೇಶ’. ಮಲಯಾಳದಲ್ಲಿ ಇದಕ್ಕೆ ‘ತುಳ್ಳುಗ’ ಎನ್ನುವುದುಂಟು. ಅದೇ ಪದ ಜಿಗಿದು ಕುಣಿಯುವುದಕ್ಕೂ ಬರುತ್ತದೆ, ಕೇರಳದ ಕುಣಿತದ ಕಲೆಯಾದ ಓಟ್ಟಂತುಳ್ಳಲ್‌ನಲ್ಲಿ ಇರುವುದು ಅದೇ. ಮಲಯಾಳದಿಂದ ಅನುವಾದಿಸುವಾಗ ದರ್ಶನದ ಸಂದರ್ಭದಲ್ಲಿ ‘ಜಿಗಿದಾಡಿದರು’ ಎಂದು ಹಾಕಿದರೆ ಜಗಳ ತಪ್ಪಿದ್ದಲ್ಲ. ದರ್ಶನ ಬರುವವರು ‘ಪಾತ್ರಿ’, ಯಕ್ಷಗಾನದಲ್ಲಿ ಪಾತ್ರ ಮಾಡುವವರು ‘ಪಾತ್ರಧಾರಿ’. ಒಂದಕ್ಕೆ ಇನ್ನೊಂದು ಹಾಕಬಾರದು.

ಕಾಲಿಗೆ ಕಟ್ಟುವುದರ ಹೆಸರೂ ಹಾಗೆಯೇ. ಯಕ್ಷಗಾನ, ಭರತನಾಟ್ಯಕ್ಕೆ ಗೆಜ್ಜೆ, ದೈವಕ್ಕೆ ಗಗ್ಗರ, ತೆಯ್ಯಕ್ಕೆ ಮಲಯಾಳದ ಚಿಲಂಬು. ‘ದೈವ ಗೆಜ್ಜೆ ಕಟ್ಟಿತು’ ಎಂದು ಬರೆದರೆ ತುಳುವರು ನಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ಮನುಷ್ಯರ ವಿಷಯದಲ್ಲಿ ‘ಗೆಜ್ಜೆ ಕಟ್ಟು’ ಎಂದರೆ ವೇಷ ಮಾಡಲು ಆರಂಭಿಸುವುದು: ‘ಹನ್ನೆರಡರ ಪ್ರಾಯದಲ್ಲಿ ಗೆಜ್ಜೆ ಕಟ್ಟಿದರು’. ‘ಗೆಜ್ಜೆಪೂಜೆ’ ಮಾತ್ರ ಜಾಗ್ರತೆಯಿಂದ ಬಳಸುವ ಪದ. ಇಂದಿನ ನೃತ್ಯಶಾಲೆಗಳಲ್ಲಿ ಮೊದಲ ಸಲ ಗೆಜ್ಜೆ ಕಟ್ಟುವ ಮುನ್ನ ನಡೆಯುವ ಪೂಜೆ ಅದು. ಆದರೆ ದೇವದಾಸಿ ಪದ್ಧತಿಯ ಕಾಲದಲ್ಲಿ ಹುಡುಗಿಯನ್ನು ಆ ವೃತ್ತಿಗೆ ಒಪ್ಪಿಸುವ ಶಾಸ್ತ್ರಕ್ಕೂ ಇದೇ ಹೆಸರಿತ್ತು. ಹಿರಿಯ ಓದುಗರಿಗೆ ಆ ನೆರಳು ಈಗಲೂ ಕಾಣುತ್ತದೆ.

ಐದನೆಯದು: ಪಕ್ಕದ ಮನೆಯ ಪದಗಳನ್ನು ತಡೆದು ನಿಲ್ಲಿಸಿ

ಹೆಚ್ಚು ತಪ್ಪಾಗುವುದು ಇಲ್ಲಿ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗಿ.

ಮಲಯಾಳದಲ್ಲಿ ‘ನೃತ್ತಂ’ ಎಂದರೆ ಡ್ಯಾನ್ಸ್, ಯಾವುದೇ ಡ್ಯಾನ್ಸ್. ಕನ್ನಡದಲ್ಲಿ ಆ ಜಾಗದಲ್ಲಿ ಇರುವುದು ‘ನೃತ್ಯ’. ‘ನೃತ್ತ’ ನಮ್ಮಲ್ಲಿ ಶಾಸ್ತ್ರದ ಪಾರಿಭಾಷಿಕ ಪದ. ಹಾಗಾಗಿ ಶಾಲಾ ಕಲೋತ್ಸವದ ಪಟ್ಟಿಯ ‘ಸಂಘನೃತ್ತಂ’ ಕನ್ನಡಕ್ಕೆ ‘ಸಮೂಹ ನೃತ್ಯ’ವಾಗಬೇಕು, ‘ಸಂಘ ನೃತ್ತ’ ಅಲ್ಲ. ‘ಸಂಘ’ ಎಂದರೆ ನಮಗೆ ಯುವಕ ಸಂಘ, ಸಹಕಾರಿ ಸಂಘ. ‘ನಾಡೋಡಿ ನೃತ್ತಂ’ ಜಾನಪದ ನೃತ್ಯ. ‘ನಾಡೋಡಿ’ಯನ್ನು ಹಾಗೆಯೇ ಇಟ್ಟರೆ ಕನ್ನಡದ ಕಿವಿಗೆ ಯಾರೋ ನಾಡು ಬಿಟ್ಟು ಓಡಿದ ಹಾಗೆ!

‘ಕಳಿ’ ಎಂದರೆ ಮಲಯಾಳದಲ್ಲಿ ಆಟ, ಕುಣಿತ ಎರಡೂ. ಕನ್ನಡದಲ್ಲಿ ‘ಕಳಿ’ ಎಂದರೆ ಹಣ್ಣು ಅತಿಯಾಗಿ ಮಾಗುವುದು. ಅದಕ್ಕಾಗಿ ಪೂರಕ್ಕಳಿ, ಮಾರ್ಗಂಕಳಿ, ಕೋಲ್ಕಳಿ ಇವುಗಳನ್ನು ಭಾಷಾಂತರಿಸದೆ ಅಂಕಿತನಾಮವಾಗಿ ಉಳಿಸಿ, ಬೇಕಾದರೆ ಪಕ್ಕದಲ್ಲಿ ಒಂದು ಸಾಲಿನ ವಿವರ ಕೊಡಿ. ಬಿಡಿಸಲು ಹೋದವರು ಸಿಕ್ಕಿಬೀಳುವ ಒಳ್ಳೆಯ ಉದಾಹರಣೆ ಕೇರಳದ ಹೆಂಗಸರ ಕುಣಿತ ತಿರುವಾದಿರದ ಇನ್ನೊಂದು ಹೆಸರಾದ ‘ಕೈಕೊಟ್ಟಿಕ್ಕಳಿ’. ಮಲಯಾಳದ ‘ಕೊಟ್ಟು’ ಎಂದರೆ ತಟ್ಟು, ಬಡಿ. ಕನ್ನಡದಲ್ಲಿ ‘ಕೈಕೊಡು’ ಎಂದರೆ ನಂಬಿಸಿ ನಡುವೆ ಬಿಟ್ಟುಹೋಗುವುದು. ‘ಕೈಕೊಟ್ಟ ಆಟ’ ಎಂದು ಅಚ್ಚಾದರೆ ಮದುವೆ ಮುರಿದ ಕತೆಯ ನಾಟಕ ಇರಬೇಕು ಎಂದು ಜನ ಬರಬಹುದು.

‘ಮಂಗಲಂಕಳಿ’ ನಮ್ಮ ಜಿಲ್ಲೆಯ ಮಾವಿಲ, ಮಲವೇಟುವ ಸಮುದಾಯಗಳ ಕುಣಿತ. ತುಡಿ ಎಂಬ ಚರ್ಮವಾದ್ಯದ ಬಡಿತಕ್ಕೆ ಹಾಡುತ್ತ ಕುಣಿಯುತ್ತಾರೆ. ಈಚೆಗೆ ಕೇರಳದ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲೂ ಸೇರಿದೆ. ‘ಮಂಗಲಂ’ ಇಲ್ಲಿ ಮದುವೆ. ಕನ್ನಡದಲ್ಲಿ ‘ಮಂಗಳ’ ಎಂದರೆ ಕಾರ್ಯಕ್ರಮದ ಕೊನೆಗೆ ಹಾಡುವ ಹಾಡು. ಆದ್ದರಿಂದ ‘ಮಂಗಳದ ಕುಣಿತ’ ಎಂದು ಬರೆದರೆ ಸಭೆ ಮುಗಿಯಿತೆಂದು ಎದ್ದು ಹೋಗುತ್ತಾರೆ. ‘ಮಂಗಲಂಕಳಿ, ಮದುವೆಯ ಕುಣಿತ’ ಎಂದರೆ ಸರಿ.

‘ಆಟ್ಟಂ’ ಕೂಡ ಹಾಗೆಯೇ. ಮೋಹಿನಿಯಾಟ್ಟಂ ಅನ್ನು ‘ಮೋಹಿನಿ ಆಟ’ ಮಾಡಿದರೆ, ಭಸ್ಮಾಸುರ ಯಾರು ಮಾಡುವುದು ಎಂದು ಕೇಳುವ ಊರು ಇದು.

ಮಲಯಾಳದ ‘ಚುವಡು ವೆಚ್ಚು’ ಎಂಬುದನ್ನು ಪದಕ್ಕೆ ಪದ ಇಳಿಸಿದರೆ ‘ಹೆಜ್ಜೆ ಇಟ್ಟರು’ ಎಂದಾಗುತ್ತದೆ. ಕನ್ನಡದಲ್ಲಿ ಹೆಜ್ಜೆ ಇಡುವುದು ಮಗು ನಡೆಯಲು ಕಲಿಯುವಾಗ, ಅಥವಾ ಹೊಸ ಉದ್ಯಮಕ್ಕೆ ಇಳಿಯುವಾಗ. ಕುಣಿತಕ್ಕೆ ‘ಹೆಜ್ಜೆ ಹಾಕಿದರು’. ಮೆರವಣಿಗೆಯಲ್ಲಿ ಜೊತೆಗೆ ನಡೆದವರಿಗೂ ಪತ್ರಿಕೆಗಳು ‘ಹೆಜ್ಜೆ ಹಾಕಿದರು’ ಎನ್ನುತ್ತವೆ. ಹಾಗಾಗಿ ಕುಣಿದರೆಂದೇ ಹೇಳಬೇಕಾದರೆ ‘ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿದರು’ ಎಂದು ಯಾವುದರ ತಾಳಕ್ಕೆ ಎಂಬುದನ್ನು ಸೇರಿಸಿ.

ತುಳುವಿನಿಂದ ಬರುವ ಎಡವಟ್ಟು ಒಂದೇ, ಆದರೆ ಸೂಕ್ಷ್ಮ. ತುಳುವಿನಲ್ಲಿ ‘ನಲಿಪುನಿ’ ಎಂದರೆ ಕುಣಿಯುವುದು, ‘ನಲಿಕೆ’ ಎಂದರೆ ಕುಣಿತ. ಇಂದಿನ ಕನ್ನಡದ ‘ನಲಿ’ಯಲ್ಲಿ ಮೊದಲು ಬರುವುದು ಸಂತೋಷ. ಕಾಲು ಆಡಿದರೂ ಆದೀತು, ಆಡದಿದ್ದರೂ ಆದೀತು. ‘ಮಕ್ಕಳು ವೇದಿಕೆಯಲ್ಲಿ ನಲಿದರು’ ಎಂದರೆ ಕನ್ನಡ ಓದುಗನಿಗೆ ಅವರು ಖುಷಿಪಟ್ಟರು ಎಂದಷ್ಟೇ ತಿಳಿಯುತ್ತದೆ, ಕುಣಿದರೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡೂ ಬೇಕಾದರೆ ‘ಕುಣಿದು ನಲಿದರು’.

‘ಅರಂಗೇಟ್ರಂ’ ಪದವನ್ನು ನೃತ್ಯಶಾಲೆಗಳು ಬಿಡುವುದಿಲ್ಲ. ಕನ್ನಡದಲ್ಲಿ ‘ರಂಗಪ್ರವೇಶ’ ಚೆನ್ನಾಗಿಯೇ ನೆಲೆ ನಿಂತಿದೆ. ಬಳಸಿ.

ಆರನೆಯದು: ದೊಡ್ಡ ಪದಗಳಿಗೆ ಕಡಿವಾಣ

‘ತಾಂಡವ’ ಶಿವನ ಉದ್ಧತ ನರ್ತನ, ‘ಲಾಸ್ಯ’ ಪಾರ್ವತಿಯ ಸುಕುಮಾರ ನರ್ತನ. ಶಾಸ್ತ್ರದಲ್ಲಿ ಎರಡಕ್ಕೂ ಸಮಾನ ಗೌರವ. ಆದರೆ ಪತ್ರಿಕೆಯ ಕನ್ನಡದಲ್ಲಿ ತಾಂಡವವಾಡುವುದು ಬಡತನ, ಭ್ರಷ್ಟಾಚಾರ, ರೋಗ. ರುದ್ರನರ್ತನ ಮಾಡುವುದು ಮಳೆ, ಬೆಂಕಿ. ಹಾಗಾಗಿ ‘ವಿದ್ಯಾರ್ಥಿನಿಯರು ತಾಂಡವವಾಡಿದರು’ ಎಂದು ಹೊಗಳಲು ಹೋದರೆ ಹೆಡ್‌ಮಾಸ್ಟರರಿಗೆ ಫೋನ್ ಬರುತ್ತದೆ. ‘ಶಿವತಾಂಡವ ಪ್ರಸ್ತುತಪಡಿಸಿದರು’ ಎಂದು ನಾಮಪದವಾಗಿ ಬಳಸಿದರೆ ತೊಂದರೆ ಇಲ್ಲ, ತೊಂದರೆ ಇರುವುದು ಕ್ರಿಯಾಪದದಲ್ಲಿ. ಲಾಸ್ಯಕ್ಕೆ ಇಂಥ ಅಪಾಯ ಬಂದಿಲ್ಲ. ‘ಮುಖದಲ್ಲಿ ನಗೆ ಲಾಸ್ಯವಾಡಿತು’ ಎಂದು ಕತೆಗಾರರು ಸವೆಸಿದ್ದಾರೆ, ಅಷ್ಟೇ.

‘ನರ್ತಿಸು’ ಬರಹದ ಪದ. ನವಿಲು, ದೀಪದ ಕುಡಿ, ತೆರೆಗಳಿಗೆ ಒಪ್ಪುತ್ತದೆ. ಯುವಕ ಸಂಘದ ಹುಡುಗರಿಗೆ ಒಪ್ಪುವುದಿಲ್ಲ. ‘ನರ್ತಕಿ’ಗೆ ಅರಮನೆಯ ವಾಸನೆ ಇನ್ನೂ ಇದೆ. ಇಂದಿನ ಕಲಾವಿದೆಯರ ಪರಿಚಯದಲ್ಲಿ ‘ನೃತ್ಯ ಕಲಾವಿದೆ’ ಅಥವಾ ‘ಭರತನಾಟ್ಯ ಕಲಾವಿದೆ’ ಎಂದರೆ ಎಲ್ಲರಿಗೂ ಸಮಾಧಾನ. ‘ಡ್ಯಾನ್ಸ್’ ಪದಕ್ಕೆ ಹೆದರಬೇಕಾಗಿಲ್ಲ. ಸಿನಿಮಾ ಹಾಡಿಗೆ ಮಾಡಿದ್ದನ್ನು ‘ಡ್ಯಾನ್ಸ್’ ಎಂದೇ ಬರೆಯಿರಿ, ‘ಚಲನಚಿತ್ರ ಗೀತಾಧಾರಿತ ನೃತ್ಯ’ ಎಂದು ಸುತ್ತಿ ಬಳಸಬೇಡಿ. ಯಕ್ಷಗಾನದ ವಿಮರ್ಶೆಯಲ್ಲಿ ಮಾತ್ರ ಈ ಪದ ಕತ್ತಿಯಂತೆ. ‘ಅದು ಕುಣಿತವಲ್ಲ, ಡ್ಯಾನ್ಸ್’ ಎಂದರೆ ವೇಷಧಾರಿ ಪರಂಪರೆ ಬಿಟ್ಟು ಚಪ್ಪಾಳೆಗೆ ಕುಣಿದ ಎಂದು ಅರ್ಥ. ಉದ್ದೇಶ ಅದಲ್ಲದಿದ್ದರೆ ಬಳಸಬೇಡಿ.

ಕೊನೆಗೆ: ಅಚ್ಚಿಗೆ ಹೋಗುವ ಮೊದಲು

ಕರಡನ್ನು ಗಟ್ಟಿಯಾಗಿ ಓದಿ, ಕುಣಿತದ ಪ್ರತಿ ನಾಮಪದಕ್ಕೂ ಅದರ ಕ್ರಿಯಾಪದ ಹೊಂದುತ್ತದೆಯೇ ಎಂದು ಮಾತ್ರ ನೋಡಿ. ನೃತ್ಯ ಮಾಡು, ಹೆಜ್ಜೆ ಹಾಕು, ಧೀಂಗಿಣ ಹೊಡೆ, ಗೆಜ್ಜೆ ಕಟ್ಟು, ಆಟ ಆಡಿಸು, ನೇಮ ಕೊಡು. ಪದ ಸರಿಯಿದ್ದೂ ಜೋಡಿ ತಪ್ಪಿದ್ದರೆ ಓದುವಾಗ ನಾಲಗೆಯೇ ತಡೆಯುತ್ತದೆ. ಬಳಿಕ ಕಾಗುಣಿತ. ‘ನೃತ್ಯ’ದಲ್ಲಿ ‘ನ’ಕ್ಕೆ ವಟ್ರಸುಳಿ, ‘ತ’ಕ್ಕೆ ಯ-ಒತ್ತು. ‘ನ್ರತ್ಯ’ ಎಂದು ರ-ಒತ್ತು ಹಾಕುವ ತಪ್ಪು ಬ್ಯಾನರುಗಳಲ್ಲಿ ಸಾಮಾನ್ಯ, ಏಕೆಂದರೆ ಬಾಯಲ್ಲಿ ನಾವು ಹೆಚ್ಚುಕಮ್ಮಿ ಹಾಗೇ ಹೇಳುತ್ತೇವೆ. ‘ನೃತ್ತ’, ‘ನೃತ್ಯ’ ಎರಡೂ ಬರುವ ಲೇಖನವಾದರೆ ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಫೋನಿನಲ್ಲಿ ಹೇಳಬೇಡಿ, ಬರೆದೇ ಕಳಿಸಿ. ಮಲಯಾಳ ಓದಿ ಬೆಳೆದವನ ಕೈ ತನ್ನಷ್ಟಕ್ಕೇ ‘ನೃತ್ತ’ದ ಕಡೆಗೆ ಹೋಗುತ್ತದೆ, ಕನ್ನಡ ಓದಿದವನದು ‘ನೃತ್ಯ’ದ ಕಡೆಗೆ. ಹತ್ತು ಅಡಿಯ ಬ್ಯಾನರಿನಲ್ಲಿ ಆ ಒಂದು ಒತ್ತು ದೂರದಿಂದಲೇ ಕಾಣುತ್ತದೆ.